ಗಾಳಕ್ಕೂ ರಜೆ ಬೇಕು

ಮಳೆಗಾಲ ಶುರುವಾದರೆ ನಮ್ಮ ಗಾಳದವರ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಸುದ್ದಿ. ಯಾವ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ, ಯಾರಿಗೆ ಎಷ್ಟು ಕೆ.ಜಿ.ಯ ಕೆಂಬೇರಿ ಮೀನು ಬಿತ್ತು ಅನ್ನುವ ಫೋಟೊ ಒಂದು. ಬೋಟಿನವರು ಕಡಲನ್ನು ಬರಿದು ಮಾಡಿಬಿಟ್ಟರು ಅನ್ನುವ ಬೈಗುಳ ಇನ್ನೊಂದು. ನಾನೂ ಅದೇ ಗುಂಪಿನವನು. ಬಿಡುವು ಸಿಕ್ಕರೆ ರಾಡು ಹಿಡಿದು ಕುಂದಾಪುರದ ಕೋಡಿಯ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲುಗೋಡೆ) ಕಡೆ ಹೊರಡುವವನು, ಆ ಹವ್ಯಾಸ ಬಿಡುವ ಯೋಚನೆಯೂ ಇಲ್ಲ. ಆದರೆ ನನ್ನ ಜೊತೆಗಾರರಿಗೆ ಬೇಸರವಾದರೂ ಒಂದು ಮಾತು ಹೇಳಲೇಬೇಕು. ಮೀನು ಕಡಿಮೆಯಾಗಿದೆ ಎಂದು ಬೋಟಿನವರ ಮುಂದೆ ನಿಂತು ಮಾತಾಡಬೇಕಾದರೆ ಮೊದಲು ನಮ್ಮ ಗಾಳಕ್ಕೆ ಒಂದು ನಿಯಮ ಬೇಕು. ಅದನ್ನು ಸರ್ಕಾರ ಹೇರುವ ತನಕ ಕಾಯದೆ ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಇದು ಬೋಟಿನವರ ಪರ ವಕಾಲತ್ತಲ್ಲ. ಕರಾವಳಿಯ ಮತ್ಸ್ಯಕ್ಷಾಮಕ್ಕೆ ದೊಡ್ಡ ಕಾರಣ ಯಾಂತ್ರಿಕ ಮೀನುಗಾರಿಕೆಯೇ, ಅದರಲ್ಲಿ ನನಗೆ ಅನುಮಾನವಿಲ್ಲ. 1970ರ ದಶಕದ ಕೊನೆಯಲ್ಲಿ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದಾಗ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಬಿತ್ತು. ಬಂಗುಡೆ, ಬೂತಾಯಿಯ ಹಿಂಡು ದಡಕ್ಕೆ ಬರುವ ಮೊದಲೇ ಬಲೆಯೊಳಗೆ ಸೇರತೊಡಗಿತು. ಆಮೇಲೆ ಎಂಜಿನ್ ದೊಡ್ಡದಾಯಿತು, ಮೀನಿನ ಹಿಂಡು ತೋರಿಸುವ ಯಂತ್ರ ಬಂತು, ಜನರೇಟರ್ ಇಟ್ಟು ರಾತ್ರಿಯ ಕಡಲನ್ನು ಹಗಲು ಮಾಡುವ ಲೈಟ್ ಫಿಶಿಂಗ್ ಬಂತು. ಎರಡು ಬೋಟುಗಳು ಒಂದೇ ಬಲೆಯನ್ನು ಎಳೆದುಕೊಂಡು ಹೋಗುವ ಬುಲ್ ಟ್ರಾಲಿಂಗನ್ನೂ ಬೆಳಕು ಹಾಯಿಸಿ ಹಿಡಿಯುವುದನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಅನನ್ಯ ಆರ್ಥಿಕ ವಲಯದಲ್ಲಿ, ಅಂದರೆ ದೇಶಕ್ಕೆ ಮೀನಿನ ಹಕ್ಕಿರುವ ಹೊರಗಡಲಿನಲ್ಲಿ, ನಿಷೇಧಿಸಿತು. ಆದರೂ ನಾಡದೋಣಿಯವರು ಅದೇ ವಿಷಯಕ್ಕೆ ಮತ್ತೆ ಮತ್ತೆ ಮನವಿಪತ್ರ ಹಿಡಿದು ಇಲಾಖೆಯ ಬಾಗಿಲಿಗೆ ಹೋಗಬೇಕಾಗಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಬೋಟುಗಳು ಮೀನಿಳಿಸುವ ದಕ್ಕೆಯಲ್ಲಿ. ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು ಖಾಲಿಯಾಗುವುದನ್ನು ಒಮ್ಮೆ ನಿಂತು ನೋಡಿ. ಸಿಗಡಿ, ಬೊಂಡಾಸ್, ಮದ್ಮಲ್, ನಂಗ್ ಎಲ್ಲ ಬುಟ್ಟಿಬುಟ್ಟಿಯಾಗಿ ಹರಾಜಿಗೆ ಹೋಗುತ್ತವೆ. ಅದಾದ ಮೇಲೆ ಒಳಗಿನಿಂದ ಇನ್ನೊಂದು ರಾಶಿ ಹೊರಬರುತ್ತದೆ. ಅದಕ್ಕೆ ಹರಾಜಿಲ್ಲ, ಐಸ್ ಇಲ್ಲ, ಹೆಸರೂ ಇಲ್ಲ. ಸಲಿಕೆಯಲ್ಲಿ ಎತ್ತಿ ಲಾರಿಗೆ ಸುರಿಯುತ್ತಾರೆ, ಲಾರಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಬೆರಳುದ್ದದ ಮದ್ಮಲ್, ಶೂಲೇಸಿನಷ್ಟೇ ಅಗಲದ ಪಾಂಬೋಲ್, ಇನ್ನೂ ಚಿಪ್ಪು ಗಟ್ಟಿಯಾಗದ ಏಡಿ, ಏನೆಂದು ಗುರುತು ಹಿಡಿಯಲಾಗದಂತೆ ನಜ್ಜುಗುಜ್ಜಾದ ಮರಿಗಳು. ಬಿಟ್ಟಿದ್ದರೆ ಮುಂದಿನ ವರ್ಷ ಇದೇ ಬೋಟಿಗೆ, ಇದೇ ದಕ್ಕೆಗೆ ನೂರಾರು ರೂಪಾಯಿಯ ಮೀನಾಗಿ ಬರುತ್ತಿದ್ದವು. ಈಗ ಪುಡಿಯಾಗಿ ಸಿಗಡಿ ಕೆರೆಗೋ ಕೋಳಿ ಫಾರ್ಮಿಗೋ ಮೇವಾಗುತ್ತವೆ. ಪಕ್ಕದ ಕೇರಳ 2015ರಲ್ಲೇ ಮೀನಿನ ಕನಿಷ್ಠ ಉದ್ದವನ್ನು ಕಾನೂನಾಗಿ ಗೊತ್ತುಮಾಡಿತು. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಅಷ್ಟು ಚಿಕ್ಕ ಅಳತೆಯನ್ನೂ ಕಾನೂನಿನಲ್ಲಿ ಬರೆದಿಡಬೇಕಾಯಿತು ಅನ್ನುವುದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂದು ಹೇಳುತ್ತದೆ.

ಹಾಗೆಂದು ಎಲ್ಲವನ್ನೂ ಬಲೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಬಿದ್ದಿತ್ತು, 2021ರಲ್ಲಿ ಅದು 3,297 ಟನ್ನಿಗೆ ಇಳಿಯಿತು. ಎಲ್ ನಿನೊ, ಕಡಲ ಬಿಸಿ, ಮೇವಿನ ಏರುಪೇರು ಇವುಗಳಿಗೆ ಇದರಲ್ಲಿ ದೊಡ್ಡ ಪಾಲಿದೆ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. ಮುಂದೆ ಬೂತಾಯಿ ಮತ್ತೆ ಚೇತರಿಸಿತು ಕೂಡ. ಕಡಲು ಹೀಗೆ ತಾನಾಗಿಯೇ ಏರಿಳಿಯುವಾಗ, ಇಳಿದ ವರ್ಷದಲ್ಲೂ ಮರಿಸಹಿತ ಗೋರಿಕೊಂಡರೆ ಏಳುವುದಕ್ಕೆ ಏನು ಉಳಿಯುತ್ತದೆ?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆ ರಜೆಗೆ ಕಡಲಿನ ಅಬ್ಬರವೂ ಕಾರಣ, ಮೀನು ಮೊಟ್ಟೆಯಿಡುವ ಕಾಲವೆನ್ನುವುದೂ ಕಾರಣ. ಸರಿಯಾಗಿ ಅದೇ ಹೊತ್ತಿಗೆ ಗಂಗೊಳ್ಳಿ, ಕೋಡಿ ಬೆಂಗ್ರೆ, ಮುಲ್ಕಿ, ತಣ್ಣೀರುಬಾವಿಯ ಅಳಿವೆಗಳಲ್ಲಿ ಗಾಳದವರ ಸಾಲು ಶುರುವಾಗುತ್ತದೆ. ಹೊಳೆಯ ಕೆಂಪು ನೀರು ಕಡಲಿಗೆ ಸೇರುವ ಜಾಗದಲ್ಲಿ ದೊಡ್ಡ ಮೀನು ಕಾದು ನಿಲ್ಲುತ್ತದೆಂದು ನಮಗೆಲ್ಲ ಗೊತ್ತು. ಏಕೆ ನಿಲ್ಲುತ್ತದೆ ಎಂದು ಯೋಚಿಸುವವರು ಕಡಿಮೆ.

ಬಾರಾಮುಂಡಿಯನ್ನೇ ತೆಗೆದುಕೊಳ್ಳಿ. ಅದು ಹೊಳೆಯಲ್ಲಿ, ಹಿನ್ನೀರಿನಲ್ಲಿ ಬೆಳೆದು ಮೊಟ್ಟೆಯಿಡಲು ಅಳಿವೆಗೆ ಇಳಿಯುವ ಮೀನು. ಮೊದಲ ಕೆಲವು ವರ್ಷ ಗಂಡಾಗಿಯೇ ಬದುಕುತ್ತದೆ. 80 ಸೆಂ.ಮೀ. ಆಸುಪಾಸಿಗೆ ಬಂದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಮೀಟರ್ ದಾಟಿದ ಬಾರಾಮುಂಡಿ ಬಹುತೇಕ ಎಲ್ಲವೂ ಹೆಣ್ಣೇ, ಲಕ್ಷಗಟ್ಟಲೆ ಮೊಟ್ಟೆ ಹೊತ್ತವು. ನಾವು ಎದೆಗಾನಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದು ಇವುಗಳ ಜೊತೆಗೇ. ಕೆಂಬೇರಿಯ ಕತೆ ಇದಕ್ಕೆ ತಿರುವುಮುರುವು. ಅದರ ಮರಿಗಳು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ, ಅಳಿವೆಯ ಕಲ್ಲುಸಂದಿಗಳಲ್ಲಿ ಬೆಳೆದು, ದೊಡ್ಡದಾದ ಮೇಲೆ ಆಳದ ಬಂಡೆಗಳ ಕಡೆ ಹೋಗಿ ಅಲ್ಲಿ ಮೊಟ್ಟೆಯಿಡುತ್ತವೆ. ಅರ್ಧ ಮೀಟರ್ ಆಸುಪಾಸಿಗೆ ಬೆಳೆಯುವ ತನಕ ಅದು ಇನ್ನೂ ಪ್ರಾಯಕ್ಕೆ ಬಂದಿರುವುದೇ ಇಲ್ಲ. ಅಂದರೆ ಬ್ರೇಕ್‌ವಾಟರ್ ಮೇಲೆ ನಿಂತು ನಾವು ಎತ್ತುವ ಒಂದು ಕೆ.ಜಿ., ಒಂದೂವರೆ ಕೆ.ಜಿ.ಯ ಕೆಂಬೇರಿ ಒಮ್ಮೆಯೂ ಮೊಟ್ಟೆಯಿಡದ ಮೀನು. ಒಂದು ಜಾತಿಯಲ್ಲಿ ತಾಯಿಯನ್ನು ಎತ್ತುತ್ತೇವೆ, ಇನ್ನೊಂದರಲ್ಲಿ ಮರಿಯನ್ನು.

"ಟ್ರಾಲ್ ಬೋಟು ಟನ್‌ಗಟ್ಟಲೆ ಹಿಡಿಯುವಾಗ ನಮ್ಮ ಒಂದೆರಡು ಮೀನಿನಿಂದ ಏನಾಗುತ್ತದೆ?" ಅನ್ನುತ್ತಾರೆ ಗೆಳೆಯರು. ಬೂತಾಯಿ, ಬಂಗುಡೆಯ ಮಟ್ಟಿಗೆ ಈ ಮಾತು ನಿಜ. ಆದರೆ ಅಳಿವೆಯ ಕಲ್ಲುಸಂದಿಯಲ್ಲಿ ಇರುವ ಕೆಂಬೇರಿ, ಮುರು ಮೀನು, ಬಾರಾಮುಂಡಿ ಟ್ರಾಲ್ ಬಲೆಗೆ ಸಿಗುವುದು ಅಪರೂಪ. ಆ ಜಾಗದಲ್ಲಿ ಅವುಗಳ ಮೇಲೆ ಹೆಚ್ಚಿನ ಒತ್ತಡ ಗಾಳದ್ದೇ. ನಾವು ಒಟ್ಟು ಎಷ್ಟು ಹಿಡಿಯುತ್ತೇವೆಂಬ ಲೆಕ್ಕವಂತೂ ಯಾರ ಹತ್ತಿರವೂ ಇಲ್ಲ, ಯಾಕೆಂದರೆ ದಕ್ಕೆಗೆ ಬಾರದ ಮೀನು ಲೆಕ್ಕಕ್ಕೂ ಬರುವುದಿಲ್ಲ. ಯೂಟ್ಯೂಬ್ ನೋಡಿ ರಾಡು ಕೊಳ್ಳುವವರು ವರ್ಷವರ್ಷಕ್ಕೂ ಹೆಚ್ಚುತ್ತಿದ್ದಾರೆ. ಒಂದು ಜಾಗದಲ್ಲಿ ಮೀನು ಬಿತ್ತು ಎಂದು ಲೊಕೇಶನ್ ಹಾಕಿದರೆ ಮಾರನೆಯ ದಿನ ಬೆಂಗಳೂರಿನ ಕಾರುಗಳೂ ಅಲ್ಲಿ ನಿಂತಿರುತ್ತವೆ.

ಹೋದ ಮಳೆಗಾಲದಲ್ಲಿ ಗಂಗೊಳ್ಳಿ ಕಡೆಯ ಹಿರಿಯ ಖಾರ್ವಿ ಮೀನುಗಾರರೊಬ್ಬರು ನಮ್ಮ ಸಾಲನ್ನು ನೋಡುತ್ತಾ ನಿಂತು ಕೇಳಿದರು: "ನಮ್ಗ್ ಎರಡ್ ತಿಂಗ್ಳ್ ರಜಿ. ನಿಮ್ ಗಾಳಕ್ಕ್ ರಜಿ ಇಲ್ಯಾ ಮರಾಯ್ರೆ?" ಅವರಿಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಇಲ್ಲ ಅನ್ನುವುದೇ ಉತ್ತರ. ಕರ್ನಾಟಕದ 1986ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇರುವುದು ಮೀನುಗಾರಿಕಾ ದೋಣಿಗಳ ಬಗ್ಗೆ. ದಡದಲ್ಲಿ ರಾಡು ಹಿಡಿದು ನಿಂತವನಿಗೆ ಅದರಲ್ಲಿ ಪರವಾನಗಿಯ ಮಾತಿಲ್ಲ, ಮಿತಿಯ ಮಾತಿಲ್ಲ. ಸಾಲ ಮಾಡಿ ಬೋಟು ಇಟ್ಟುಕೊಂಡವರು ಎರಡು ತಿಂಗಳು ಸುಮ್ಮನೆ ಕೂರುತ್ತಾರೆ, ತಿಂಗಳ ಸಂಬಳದ ನಾವು ಶೋಕಿಗೆ ಹಿಡಿಯುತ್ತೇವೆ. ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಇದಕ್ಕಿಂತ ಕೆಟ್ಟದ್ದೆಂದರೆ ಮಾರಾಟ. ಬೋಟುಗಳಿಲ್ಲದ ಆ ಎರಡು ತಿಂಗಳು ತಾಜಾ ಮೀನಿಗೆ ಚಿನ್ನದ ಬೆಲೆ, ಹೋಟೆಲಿನವರು ಫೋನ್ ಮಾಡಿಯೇ ಕೇಳುತ್ತಾರೆ. ನಮ್ಮಲ್ಲಿ ಕೆಲವರು ರಾಡು, ರೀಲಿನ ದುಡ್ಡು ಹುಟ್ಟುತ್ತದೆಂದು ಕೊಡುತ್ತಾರೆ. ಹವ್ಯಾಸ ಎಂದು ಹೇಳಿಕೊಂಡು ದಡದಲ್ಲೇ ಬಲೆ ಹಾಕುವ ಕೈರಂಪಣಿಯವರ, ಬೀಸುಬಲೆಯವರ ಹೊಟ್ಟೆಪಾಡಿಗೆ ಅಡ್ಡ ಬರುವುದು ಅನ್ಯಾಯ. ಮಾರಬೇಕೆಂದಿದ್ದರೆ ಮೀನುಗಾರರಾಗಿ ನೋಂದಾಯಿಸಿಕೊಳ್ಳಲಿ.

ಹೊರಗಿನ ಒಂದು ಉದಾಹರಣೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇಂಗ್ಲೆಂಡಿನ ಸುತ್ತಲಿನ ಕಡಲಲ್ಲಿ ಸೀ ಬಾಸ್ ಮೀನಿನ ಸಂಖ್ಯೆ ಕುಸಿಯತೊಡಗಿದಾಗ ಯುರೋಪಿಯನ್ ಒಕ್ಕೂಟ 2015ರಲ್ಲಿ ಎರಡೂ ಕಡೆಯವರ ಮೇಲೆ ಕೈಯಿಟ್ಟಿತು. ಮೊಟ್ಟೆಯಿಡುವ ತಿಂಗಳುಗಳಲ್ಲಿ ಜೋಡಿ ಬೋಟುಗಳ ಟ್ರಾಲಿಂಗ್ ನಿಲ್ಲಿಸಿತು. ಗಾಳದವರಿಗೆ ದಿನಕ್ಕೆ ತಲಾ 3 ಮೀನು ಎಂದು ಮಿತಿ ಹಾಕಿತು. ಕನಿಷ್ಠ ಉದ್ದವನ್ನು 36ರಿಂದ 42 ಸೆಂ.ಮೀ.ಗೆ ಏರಿಸಿತು. ಗಮನಿಸಬೇಕಾದದ್ದು ಏನೆಂದರೆ, ಆ ಉದ್ದವನ್ನು ಏರಿಸಿ ಎಂದು ಅಲ್ಲಿನ ಗಾಳದವರೇ ವರ್ಷಗಳಿಂದ ಒತ್ತಾಯಿಸುತ್ತಿದ್ದರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಸ್ಟ್ರೈಪ್ಡ್ ಬಾಸ್ ಮೀನಿಗೆ 1985ರಿಂದ 1990ರವರೆಗೆ ಪೂರ್ತಿ ರಜೆ ಕೊಟ್ಟಾಗಲೂ ಬಲೆ, ಗಾಳ ಎಂಬ ಭೇದ ಮಾಡಲಿಲ್ಲ. 1995ರ ಹೊತ್ತಿಗೆ ಆ ಮೀನು ಚೇತರಿಸಿಕೊಂಡಿತೆಂದು ಘೋಷಿಸಲು ಸಾಧ್ಯವಾಯಿತು.

"ನಾವು ಹಿಡಿದು ಬಿಡುತ್ತೇವಲ್ಲ" ಅನ್ನುವವರೂ ಇದ್ದಾರೆ. ಒಳ್ಳೆಯದು, ಆದರೆ ಬಿಡುವುದಕ್ಕೂ ರೀತಿ ಇದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಒದ್ದಾಡಲು ಬಿಟ್ಟು, ಒಣಗೈಯಲ್ಲಿ ಹಿಡಿದು, ಮೈಮೇಲಿನ ಲೋಳೆಯೆಲ್ಲ ಉಜ್ಜಿಹೋದ ಮೇಲೆ ಕಡಲಿಗೆ ಎಸೆದರೆ ಆ ಮೀನು ಬದುಕುವ ನಂಬಿಕೆ ಕಡಿಮೆ. ಕೈ ಒದ್ದೆ ಮಾಡಿಕೊಳ್ಳಬೇಕು, ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಅದುಮಿರಬೇಕು, ಗಂಟಲಿಗಿಳಿದ ಗಾಳವನ್ನು ಕೀಳದೆ ದಾರ ಕತ್ತರಿಸಿ ಬಿಡಬೇಕು. ನೇತ್ರಾಣಿ ದ್ವೀಪದ ಕಡೆ ಬೋಟು ಮಾಡಿಕೊಂಡು ಜಿಗ್ಗಿಂಗಿಗೆ (ಲೋಹದ ಹುಸಿಮೀನನ್ನು ಆಳಕ್ಕಿಳಿಸಿ ಕುಣಿಸಿ ಹಿಡಿಯುವುದು) ಹೋಗುವವರಿಗಂತೂ ಇನ್ನೊಂದು ತೊಂದರೆ. ಆಳದಿಂದ ಸರ್ರನೆ ಎತ್ತಿದ ಮುರು ಮೀನಿನ ಗಾಳಿಚೀಲ ಉಬ್ಬಿ, ಹೊಟ್ಟೆ ಮಗುಚಿ ಬಾಯಿಗೆ ಬಂದಿರುತ್ತದೆ. ಬಿಟ್ಟರೂ ಅದಕ್ಕೆ ಕೆಳಗಿಳಿಯಲಾಗುವುದಿಲ್ಲ, ಮೇಲೆಯೇ ತೇಲುತ್ತದೆ. ಹದ್ದಿನ ಬಾಯಿಗೆ ಬೀಳುವುದೊಂದೇ ಬಾಕಿ. ಅಂಥಲ್ಲಿ ಸಾಕಾದಷ್ಟು ಹಿಡಿದ ಮೇಲೆ ಗಾಳ ಎತ್ತಿಡುವುದೊಂದೇ ದಾರಿ.

ಹಾಗಾಗಿ ನಮ್ಮ ಗುಂಪುಗಳೆಲ್ಲ ಸೇರಿ ಮೀನುಗಾರಿಕಾ ಇಲಾಖೆಗೆ ಒಂದು ಮನವಿ ಕೊಡೋಣ ಎನ್ನುವುದು ನನ್ನ ಕೋರಿಕೆ. ಜೂನ್, ಜುಲೈಯಲ್ಲಿ ಅಳಿವೆಯ ಬಾಯಿಯಲ್ಲಿ ರಾಡಿಗೂ ರಜೆ ಇರಲಿ. (ಪ್ರತಿ ಮಳೆಗಾಲ ಕಲ್ಲಿನಿಂದ ಜಾರಿ ಸಾಯುವವರ ಸುದ್ದಿ ಓದುತ್ತೇವೆ, ಆ ಲೆಕ್ಕದಲ್ಲೂ ಇದು ಒಳ್ಳೆಯದೇ.) ಕೆಂಬೇರಿಗೆ ಅರ್ಧ ಮೀಟರ್ ಕನಿಷ್ಠ ಉದ್ದ ಇರಲಿ. ಬಾರಾಮುಂಡಿಗೆ ಕನಿಷ್ಠದ ಜೊತೆ ಗರಿಷ್ಠವೂ ಇರಲಿ, 80 ಸೆಂ.ಮೀ. ಮೇಲಿನ ತಾಯಿಮೀನು ವಾಪಸ್ ನೀರಿಗೇ ಹೋಗಲಿ. ದಿನಕ್ಕೆ ತಲಾ ಎರಡು ದೊಡ್ಡ ಮೀನು ಸಾಕು. ಹವ್ಯಾಸಿ ಹಿಡಿದದ್ದನ್ನು ಮಾರುವುದಕ್ಕೆ ನಿಷೇಧ ಬರಲಿ. ವರ್ಷಕ್ಕೊಂದು ಸಣ್ಣ ಶುಲ್ಕದ ಪರವಾನಗಿ ಕೊಟ್ಟರೆ ಎಷ್ಟು ಜನ, ಎಷ್ಟು ಹಿಡಿಯುತ್ತೇವೆಂಬ ಲೆಕ್ಕವಾದರೂ ಸಿಗುತ್ತದೆ. ಆದರೆ ಇದೆಲ್ಲ ರಾಡು, ರೀಲು ಇಟ್ಟುಕೊಂಡ ನಮಗೆ ಮಾತ್ರ. ಸಂಜೆಯ ಸಾರಿಗೆಂದು ಕೈದಾರ ಹಾಕಿ ಕೂರುವ ಅಳಿವೆ ದಂಡೆಯ ಮನೆಗಳವರನ್ನು, ಹೊಳೆಬದಿಯ ಮಕ್ಕಳನ್ನು ಈ ನಿಯಮ ಮುಟ್ಟಬಾರದು.

ಅದೇ ಮನವಿಯ ಎರಡನೇ ಪುಟದಲ್ಲಿ ಬೋಟಿನ ವಿಷಯವನ್ನೂ ಬರೆಯೋಣ. ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್ ನಿಷೇಧ ಕಾಗದದಿಂದ ಕಡಲಿಗೆ ಇಳಿಯಲಿ, ಮರಿಮೀನು ತುಂಬಿದ ಲಾರಿಯನ್ನು ದಕ್ಕೆಯಲ್ಲೇ ತಡೆಯಲಿ, ಫಿಶ್‌ಮೀಲ್ ಕಾರ್ಖಾನೆಯ ಗೇಟಿನಲ್ಲೂ ಅಳತೆಯಾಗಲಿ. ಈ ಪುಟಕ್ಕೆ ನಾಡದೋಣಿಯವರ ಸಹಿಯೂ ಬರುತ್ತದೆಂಬ ನಂಬಿಕೆ ನನಗಿದೆ, ಮೊದಲ ಪುಟದಲ್ಲಿ ನಮ್ಮ ಸಹಿ ಇದ್ದರೆ. ಕರಡು ಬರೆದಿಟ್ಟಿದ್ದೇನೆ. ಕಾರವಾರದಿಂದ ಉಳ್ಳಾಲದವರೆಗಿನ ಗಾಳದವರು ಯಾರೇ ಇದ್ದರೂ ಓದಿ ತಿದ್ದಿ ಕೊಡಿ. ಅಳತೆಗಳ ಬಗ್ಗೆ ನನಗಿಂತ ಹೆಚ್ಚು ಬಲ್ಲವರು, ಮುಖ್ಯವಾಗಿ ಬಲೆಯ ಕಡೆಯವರು, ಇನ್‌ಬಾಕ್ಸಿಗೆ ಬನ್ನಿ. ಮೇ ಮುಗಿಯುವುದರೊಳಗೆ ಇಲಾಖೆಗೆ ತಲುಪಿಸಬೇಕು.