ಗೆರೆ ಇದೆಯೇ? ಹೌದು / ಇಲ್ಲ

ಮಂಡ್ಯದ ಜನಕ್ಕೆ ಗೆರೆ ಅಂದರೆ ಒಂದೇ. ಕನ್ನಂಬಾಡಿ ಕಟ್ಟೆಯ 124.80 ಅಡಿ. ಮಳೆಗಾಲ ಬಂತೆಂದರೆ ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡುವುದೇ ನೀರು ಆ ಗೆರೆಗೆ ಎಷ್ಟು ಹತ್ತಿರ ಬಂತು ಅಂತ. ಅಂಥ ಊರಿನ ಒಂದು ಕಚೇರಿಯಲ್ಲಿ (ಯಾವುದು ಅಂತ ಕೇಳಬೇಡಿ, ನನ್ನ ಖಾತೆ ಕೆಲಸ ಅಲ್ಲಿ ಇನ್ನೂ ಬಾಕಿ ಇದೆ) ಈಗ ಹೊಸದಾಗಿ 7 ಗೆರೆ ಹುಟ್ಟಿಕೊಂಡಿವೆ.

ಆ ಕಚೇರಿಯ ಶೌಚಾಲಯದ ಬಾಗಿಲಿಗೆ ದಾರ ಕಟ್ಟಿ ಒಂದು ಪುಸ್ತಕ ನೇತು ಹಾಕಿದ್ದರು. ಶುಚಿ ಮಾಡಿದವರು ಅದರಲ್ಲಿ ದಿನಾ ಗುರುತು ಹಾಕಬೇಕು. ಇದು ಡಿಜಿಟಲ್ ಆಗಬೇಕು ಅಂತ ಮೇಲಿನಿಂದ ಆದೇಶ ಬಂತು. ಆಪರೇಟರ್ ಹುಡುಗ ಅರ್ಧ ಗಂಟೆಯಲ್ಲಿ ಗೂಗಲ್ ಫಾರಂ ಮಾಡಿದ. 13 ಪ್ರಶ್ನೆ. ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಚಿಲಕ ಇದೆಯೇ, ಬಕೆಟ್ ಇದೆಯೇ, ಹೀಗೆ. ಎಲ್ಲಕ್ಕೂ ಹೌದು ಅಥವಾ ಇಲ್ಲ.

ಸಾಹೇಬರು ಮೊಬೈಲಿನಲ್ಲಿ ನೋಡಿದರು. "ಏನಪ್ಪಾ ಇದು, ಎಲ್ಲಾ ಒಂದೇ ಮುದ್ದೆ. ಮಧ್ಯೆ ಮಧ್ಯೆ ಗೆರೆ ಹಾಕು" ಅಂದರು.

ಸಾಹೇಬರು ಹೇಳಿದ್ದು ನ್ಯಾಯವೇ. ಅಂಗೈಯಗಲದ ಪರದೆಯಲ್ಲಿ ಪ್ರಶ್ನೆಗಳು ಸಾಲಾಗಿ ಬಂದರೆ ಕಣ್ಣು ಜಾರುತ್ತದೆ. ನಲ್ಲಿಯ ಉತ್ತರ ಚಿಲಕಕ್ಕೆ ಬೀಳುತ್ತದೆ. ಹಿಂದೆ ಗುಮಾಸ್ತರು ರೂಲುದೊಣ್ಣೆ ಉರುಳಿಸಿ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಆ ಗೆರೆಗೆ ಯಾರೂ ಸಹಿ ಕೇಳುತ್ತಿರಲಿಲ್ಲ. ಗೂಗಲ್ ಫಾರಂನಲ್ಲೂ ಇದಕ್ಕೆ ದಾರಿ ಇದೆ. ಸೆಕ್ಷನ್ ಸೇರಿಸಿದರೆ ಹೊಸ ಪುಟವೇ ಶುರುವಾಗುತ್ತದೆ. ಅಷ್ಟು ಬೇಡ ಅಂದರೆ ಬರೀ ಟೈಟಲ್ ಹಾಕಬಹುದು. ಅದು ಉತ್ತರ ಕೇಳುವುದಿಲ್ಲ. ಉತ್ತರಗಳೆಲ್ಲ ಹೋಗಿ ಸೇರುವ ಶೀಟಿನಲ್ಲಿ ಅದಕ್ಕೊಂದು ಕಾಲಂ ಕೂಡ ಬರುವುದಿಲ್ಲ.

ನಮ್ಮ ಹುಡುಗ ಸುಮ್ನೆ ಒಂದು ಪ್ರಶ್ನೆಯನ್ನೇ ಕಾಪಿ ಮಾಡಿದ. ಚಿಲಕ ಅಳಿಸಿ, ಸಾಲುದ್ದ ಡ್ಯಾಶ್ ಒತ್ತಿದ. ಗೆರೆಯೇನೋ ಬಂತು. ಕಾಪಿ ಅಲ್ವಾ, ಅದರ ಹಿಂದೆಯೇ ಹೌದು, ಇಲ್ಲ ಎರಡೂ ಬಂದವು. ಉತ್ತರ ಕಡ್ಡಾಯ ಅನ್ನುವ ಕೆಂಪು ನಕ್ಷತ್ರವೂ ಬಂತು. ಲಕ್ಷಣವಾಗಿರಲಿ ಅಂತ ಮೇಲೊಂದು, ಕೆಳಗೊಂದು ಜಾಸ್ತಿ ಹಾಕಿದ. ಒಟ್ಟು 7.

ಮೊದಲ ದಿನವೇ ಶುಚಿ ಮಾಡುವ ಅಕ್ಕ ಫೋನ್ ಹಿಡಿದು ಬಂದರು.

"ಇದ್ಯಾವ ಗೀಟಪ್ಪಾ? ಹೌದಾ ಇಲ್ವಾ ಅಂತ ಕೇಳ್ತದೆ."

"ಗೀಟು ಕಾಣ್ತದಾ ಅಕ್ಕಾ?"

"ಕಾಣ್ತದೆ."

"ಹಂಗಾದ್ರೆ ಹೌದು ಒತ್ತು."

ಒಂದು ದಿನ ಬೆರಳು ಜಾರಿ 4ನೇ ಗೆರೆಗೆ "ಇಲ್ಲ" ಬಿತ್ತು. ಗೆರೆ ಕಾಣೆಯಾದ ಬಗ್ಗೆ 3 ದಿನದೊಳಗೆ ಸಮಜಾಯಿಷಿ ಕೊಡಿ ಅಂತ ನೋಟಿಸ್ ಬಂತು. ಕೊನೆಗೆ ಮಹಜರು ನಡೆಯಿತು. ಮೊಬೈಲನ್ನು ಮೇಜಿನ ಮೇಲಿಟ್ಟು, ಸದರಿ ಗೆರೆ ಸುಸ್ಥಿತಿಯಲ್ಲಿದೆ ಅಂತ ಇಬ್ಬರು ಸಾಕ್ಷಿಗಳು ಸಹಿ ಹಾಕಿದರು. ನಲ್ಲಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಆ ತಿಂಗಳು ಮೋಟರ್ ಸುಟ್ಟಿತು. ನೀರಿಲ್ಲ. ಚಿಲಕ ಕಿತ್ತುಬಂತು. ಬಕೆಟ್ಟನ್ನು ಯಾರೋ ಒಯ್ದರು. 13ಕ್ಕೆ 13ರಲ್ಲೂ "ಇಲ್ಲ". ಪರಿಶೀಲನಾ ಸಭೆಗೆ ಸಾಹೇಬರು ಬೆವರುತ್ತಾ ಕೂತರು. ಪರದೆ ಮೇಲೆ ಶೀಟು ತೆರೆಯಿತು. 20 ಪ್ರಶ್ನೆಗೆ 7 ಹೌದು. 35 ಪರ್ಸೆಂಟ್.

"ಜಸ್ಟ್ ಪಾಸು ಸಾರ್" ಅಂದ ಆಪರೇಟರ್.

ಸಾಹೇಬರು ಉಸಿರು ಬಿಟ್ಟರು. ಹುಡುಗ ಅಷ್ಟಕ್ಕೆ ನಿಲ್ಲಿಸಲಿಲ್ಲ. ಕ್ಯಾಲ್ಕುಲೇಟರ್ ಒತ್ತಿದ. "ಇನ್ನೊಂದು 13 ಗೆರೆ ಹಾಕಿದ್ರೆ 60 ದಾಟುತ್ತೆ ಸಾರ್. ಫಸ್ಟ್ ಕ್ಲಾಸು."

"ಹಾಕು. ನೀಟಾಗಿರಲಿ."

ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತು, "ಸಾ, ಒಂದು ಬಕೆಟ್..." ಅಂದರು.

"ಆಮೇಲೆ ಬಾರಮ್ಮಾ. ಶೌಚಾಲಯದ ಮೀಟಿಂಗ್ ನಡೀತಿದೆ."