ಹುಟ್ಟದ ಕೂಸಿಗೆ 1,100 ಕೋಟಿ ಡಾಲರ್ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮ ಕಡೆ ಆಡಿಕೊಂಡು ನಗುತ್ತಾರೆ. ಲಂಡನ್ನಿನ ವಾಣಿಜ್ಯ ಮಧ್ಯಸ್ಥಿಕೆಯಲ್ಲಿ, ಅಂದರೆ ಕೋರ್ಟಿನ ಬದಲು ಪಂಚರು ವ್ಯಾಜ್ಯ ತೀರಿಸುವ ಆರ್ಬಿಟ್ರೇಷನ್ನಿನಲ್ಲಿ, ಕೂಸು ಹುಟ್ಟಲೇಬೇಕೆಂಬ ಹಟವಿಲ್ಲ. ಅದು ಹುಟ್ಟಿದ್ದರೆ, ಬೆಳೆದಿದ್ದರೆ, 20 ವರ್ಷ ದುಡಿದಿದ್ದರೆ ಎಷ್ಟು ಸಂಪಾದಿಸುತ್ತಿತ್ತು ಎಂದು ಲೆಕ್ಕ ಹಾಕಿ, ಬಡ್ಡಿ ಸೇರಿಸಿ ಕೊಡಿಸುತ್ತಾರೆ. ಈ ಲೆಕ್ಕದ ಹೆಸರು ಅವಾರ್ಡ್. ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿ ಹಿಡಿದು ಅಲೆಯುವವರು ಗಮನಿಸಬೇಕು: ಇಲ್ಲಿ ಸಾಧನೆ ಕೇಳುವುದಿಲ್ಲ, ಕರಾರುಪತ್ರ ಇದ್ದರೆ ಸಾಕು.

ಬೇಕಾಗುವ ಸಾಮಾನು ಬಹಳ ಕಡಿಮೆ. ಬ್ರಿಟಿಷ್ ವರ್ಜಿನ್ ಐಲೆಂಡ್ಸ್‌ನಲ್ಲಿ ನೋಂದಾಯಿಸಿದ ಒಂದು ಕಂಪನಿ. ಒಂದು ಸರ್ಕಾರದ ಸಹಿ. ಸರ್ಕಾರದೊಳಗೆ ಕಾನೂನು ನೋಡಿಕೊಳ್ಳುವ ಅಧಿಕಾರಿಗೆ ಆಗಾಗ ಕೆಲವು ಸಾವಿರ ಡಾಲರ್. ಇಷ್ಟಿಟ್ಟುಕೊಂಡು ಪ್ರೊಸೆಸ್ ಅಂಡ್ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ಸ್, ಚಿಕ್ಕದಾಗಿ ಪಿ ಅಂಡ್ ಐಡಿ, 2010ರ ಜನವರಿ 11ರಂದು ನೈಜೀರಿಯಾದ ಪೆಟ್ರೋಲಿಯಂ ಸಚಿವಾಲಯದೊಂದಿಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಸರ್ಕಾರ ಕಚ್ಚಾ ಅನಿಲವನ್ನು ಪುಕ್ಕಟೆ ಕೊಡಬೇಕು. ದಿನಕ್ಕೆ 15 ಕೋಟಿ ಘನ ಅಡಿಯಿಂದ ಶುರುವಾಗಿ 40 ಕೋಟಿಗೆ ಏರಬೇಕು. ಕಂಪನಿ ಕ್ಯಾಲಬಾರ್‌ನಲ್ಲಿ ಸ್ಥಾವರ ಕಟ್ಟಿ, ಪ್ರೊಪೇನ್, ಬ್ಯುಟೇನ್ ಮುಂತಾದ ಕೆನೆ ತೆಗೆದುಕೊಂಡು, ಉಳಿದ ಮಜ್ಜಿಗೆಯನ್ನು ವಿದ್ಯುತ್ ಸ್ಥಾವರಗಳಿಗೆ ಪುಕ್ಕಟೆ ಹಿಂದಿರುಗಿಸಬೇಕು. ಸರ್ಕಾರ ಅನಿಲದ ಪೈಪು ತರಲಿಲ್ಲ. ಕಂಪನಿ ಸ್ಥಾವರ ಕಟ್ಟಲಿಲ್ಲ. ಇಬ್ಬರೂ ಸಮಾನವಾಗಿ ಏನೂ ಮಾಡದಿದ್ದ ಮೇಲೆ ಒಬ್ಬರು ಇನ್ನೊಬ್ಬರ ಮೇಲೆ ಮಧ್ಯಸ್ಥಿಕೆಗೆ ಹೋಗಲೇಬೇಕಲ್ಲ. 2012ರಲ್ಲಿ ಕಂಪನಿ ಹೋಯಿತು.

ಇಲ್ಲಿ ಬ್ಯಾರಿಸ್ಟರುಗಳ, ಅಂದರೆ ಎದ್ದು ನಿಂತು ವಾದಿಸುವ ಇಂಗ್ಲಿಷ್ ವಕೀಲರ, ವಿಚಾರ ತುಸು ಹೇಳಬೇಕು. ಅವರು ಕಂಪನಿಯಲ್ಲ, ಪಾಲುದಾರರೂ ಅಲ್ಲ. ಒಂದೇ ಚೇಂಬರಿನಲ್ಲಿ ಬಾಡಿಗೆ, ಕಾಫಿ ಮತ್ತು ಗುಮಾಸ್ತರನ್ನು ಹಂಚಿಕೊಳ್ಳುವ ಒಂಟಿ ಜೀವಿಗಳು. ಹಾಗಾಗಿ ವಾದಿಯ ವಕೀಲ, ಪ್ರತಿವಾದಿಯ ವಕೀಲ, ನಡುವೆ ಕೂತ ಪಂಚರು ಮೂವರೂ ಒಂದೇ ಮೆಟ್ಟಿಲು ಹತ್ತಿ ಬಂದವರಾದರೂ ತಪ್ಪಿಲ್ಲ ಎನ್ನುವುದು ಅವರ ವಾಡಿಕೆ. 2008ರಲ್ಲಿ ಕ್ರೊಯೇಷಿಯಾದ ವಿದ್ಯುತ್ ಕಂಪನಿಗೂ ಸ್ಲೊವೇನಿಯಾಕ್ಕೂ ನಡೆದ ವ್ಯಾಜ್ಯದಲ್ಲಿ ಪಂಚರ ಅಧ್ಯಕ್ಷರ ಚೇಂಬರಿನವರೇ ಒಬ್ಬರು ಕೊನೇ ಗಳಿಗೆಯಲ್ಲಿ ವಕೀಲರಾಗಿ ಬಂದಾಗ ಮಾತ್ರ ಪಂಚರು ಅವರನ್ನು ಹೊರಗಿಟ್ಟರು. ಹೊರಗಿನವರು ಗಾಬರಿಯಾಗುತ್ತಾರೆ ಎಂಬುದು ಲಂಡನ್ನಿಗೆ ಹೊಸ ಸುದ್ದಿಯಾಗಿತ್ತು.

ಫೀಸಿನ ಮಾತನ್ನು ಬ್ಯಾರಿಸ್ಟರ್ ಬಾಯಿ ಬಿಟ್ಟು ಆಡುವುದಿಲ್ಲ. ಮದುವೆಯಲ್ಲಿ ವರೋಪಚಾರದ ಮಾತನ್ನು ಸೋದರಮಾವ ಆಡಿದ ಹಾಗೆ, ಗುಮಾಸ್ತ ಆಡುತ್ತಾನೆ. ಬ್ರೀಫ್ ಫೀ ಎಂದರೆ ಓದಿದ್ದಕ್ಕೂ ಮೊದಲ ದಿನ ನಿಂತದ್ದಕ್ಕೂ. ಎರಡನೇ ದಿನದಿಂದ ದಿನಕ್ಕಿಷ್ಟು ಎಂದು ರಿಫ್ರೆಷರ್. ಹೆಸರು ಕೇಳಿ ಪಾನಕ ಎಂದುಕೊಳ್ಳಬೇಡಿ. ವಿಚಾರಣೆ ಹತ್ತಿರವಾದಂತೆ ಬ್ರೀಫ್ ಫೀ ಕಂತುಕಂತಾಗಿ ಪಕ್ವವಾಗುತ್ತದೆ. ಹಿಂದಿನ ದಿನ ರಾಜಿಯಾದರೂ ವಾಪಸ್ ಬರುವುದು ಕಷ್ಟ. ಕಕ್ಷಿದಾರರು ಕೋರ್ಟಿನ ಬಾಗಿಲಲ್ಲಿ ಕೈಕುಲುಕಿದರೆ ಲಾಭ ಯಾರಿಗೆ ಎಂದು ಇದರಿಂದ ತಿಳಿಯಬಹುದು.

ನೈಜೀರಿಯಾದ ವ್ಯಾಜ್ಯದಲ್ಲಿ ಮೂವರು ಪಂಚರು. ಅಧ್ಯಕ್ಷರು ಇಂಗ್ಲೆಂಡಿನ ಹಿರಿಯ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಹಾಫ್‌ಮನ್. ಮುಖ್ಯ ಸಾಕ್ಷ್ಯ, ಕಂಪನಿ ಕಟ್ಟಿದವರಲ್ಲಿ ಒಬ್ಬರ ಲಿಖಿತ ಹೇಳಿಕೆ. ವಿಚಾರಣೆಗೆ ಮುಂಚೆಯೇ ಅವರು ತೀರಿಕೊಂಡರು, ಆದ್ದರಿಂದ ಪಾಟೀಸವಾಲಿಲ್ಲ. ನೈಜೀರಿಯಾದ ಪರ ವಾದ ಎಷ್ಟು ಸಪ್ಪೆಯಾಗಿತ್ತೆಂದರೆ ಪಂಚರಿಗೇ ಸಂಕೋಚವಾಗಿರಬೇಕು. ಆದರೆ ಪಂಚರು ತಾವಾಗಿ ಕೆದಕುವುದು ವಾಡಿಕೆಯಲ್ಲ. ಎದುರಿಗಿಟ್ಟ ತಟ್ಟೆಯಲ್ಲಿ ಇದ್ದದ್ದನ್ನಷ್ಟೇ ತಿನ್ನುತ್ತಾರೆ. ಮೋಸ ಎಂಬ ಪದ ತಟ್ಟೆಯಲ್ಲಿರಲಿಲ್ಲ. ಇರುವುದೂ ಸುಲಭವಲ್ಲ: ನಂಬಬಹುದಾದ ಆಧಾರ ಕೈಯಲ್ಲಿಲ್ಲದೆ ಇಂಗ್ಲಿಷ್ ಬ್ಯಾರಿಸ್ಟರ್ ಮೋಸದ ಆರೋಪ ಬರೆಯುವಂತಿಲ್ಲ, ಬರೆದರೆ ಅವನ ಸನ್ನದಿಗೇ ಸಂಚಕಾರ. ಮೋಸ ಮಾಡಿದವನ ಬಳಿ ಆಧಾರ ಇರುತ್ತದೆ, ಮೋಸಹೋದವನ ಬಳಿ ಅನುಮಾನ ಮಾತ್ರ.

2017ರ ಜನವರಿ 31ರಂದು ಅವಾರ್ಡ್ ಬಂತು. 20 ವರ್ಷದ ಕಾಲ್ಪನಿಕ ಲಾಭದ ಇಂದಿನ ಬೆಲೆ ಸುಮಾರು 660 ಕೋಟಿ ಡಾಲರ್, 2013ರ ಮಾರ್ಚ್ 20ರಿಂದ ಶೇ. 7ರ ಬಡ್ಡಿ. ಪಂಚರಲ್ಲಿ ಒಬ್ಬರು, ನೈಜೀರಿಯಾ ನೇಮಿಸಿದವರು, 3 ವರ್ಷದ ಲಾಭ ಸಾಕು ಎಂದು ಬೇರೆ ಬರೆದರು. ಒಂದಕ್ಕೆ ಎರಡು ಮತ. ಬಡ್ಡಿಯೇ ದಿನಕ್ಕೆ ಸುಮಾರು 12.6 ಲಕ್ಷ ಡಾಲರ್. ಸ್ಥಾವರ ನಿಜಕ್ಕೂ ಇದ್ದಿದ್ದರೆ ಕೆಟ್ಟುಹೋಗುತ್ತಿತ್ತು, ಕಾರ್ಮಿಕರು ಮುಷ್ಕರ ಹೂಡುತ್ತಿದ್ದರು, ಅನಿಲದ ಬೆಲೆ ಬೀಳುತ್ತಿತ್ತು. ಇಲ್ಲದ ಸ್ಥಾವರ ಒಂದು ದಿನವೂ ಕೆಡದೆ ದುಡಿಯಿತು.

ಇಲ್ಲಿಂದ ಮುಂದಿನದು ನಿಜವಾದ ತಮಾಷೆ. ಒಪ್ಪಂದದಲ್ಲಿ ಮಧ್ಯಸ್ಥಿಕೆ ನೈಜೀರಿಯಾದ ಕಾಯ್ದೆಯಂತೆ, ವೆನ್ಯೂ ಮಾತ್ರ ಲಂಡನ್ ಎಂದಿತ್ತು. ವೆನ್ಯೂ ಎಂದರೆ ಕೂರುವ ಜಾಗವೋ, ಯಾವ ದೇಶದ ಕೋರ್ಟು ಮೇಲ್ವಿಚಾರಣೆ ಮಾಡಬೇಕೆಂದು ಹೇಳುವ ಅಧಿಕಾರದ ನೆಲೆಯೋ? ನೆಲೆ ನಮ್ಮದೇ ಎಂದು ನೈಜೀರಿಯಾ ಲಾಗೋಸ್ ಕೋರ್ಟಿಗೂ ಹೋಗಿ ಗುದ್ದಾಡಿತು. ಲಂಡನ್ನೇ ನೆಲೆ ಎಂದರು ಪಂಚರು. ಸೋತದ್ದೇ ಅದರ ಪುಣ್ಯ. ನೆಲೆ ಲಂಡನ್ ಆದ್ದರಿಂದಲೇ ಇಂಗ್ಲೆಂಡಿನ 1996ರ ಮಧ್ಯಸ್ಥಿಕೆ ಕಾಯ್ದೆಯ 68ನೇ ಕಲಮಿನಡಿ, ಮೋಸದಿಂದ ಪಡೆದ ಅವಾರ್ಡ್ ಎಂದು ಲಂಡನ್ ಕೋರ್ಟಿನ ಬಾಗಿಲು ತಟ್ಟಲು ಸಾಧ್ಯವಾಯಿತು. ಅದಕ್ಕಿರುವ ಗಡುವು 28 ದಿನ. ನೈಜೀರಿಯಾ ಬಂದದ್ದು ವರ್ಷಗಟ್ಟಲೆ ತಡವಾಗಿ. 2020ರಲ್ಲಿ ಕೋರ್ಟು ತಡವನ್ನು ಮನ್ನಿಸಿತು. ಅಮೆರಿಕದ ಕೋರ್ಟುಗಳ ಮೂಲಕ ಬ್ಯಾಂಕ್ ದಾಖಲೆ ಕೆದಕಿದ ಮೇಲೆ ಸಾವಿರಗಳ ಜಾಡು ಕಾಣತೊಡಗಿತ್ತು.

2023ರಲ್ಲಿ 8 ವಾರ ವಿಚಾರಣೆ ನಡೆಯಿತು. ಅಷ್ಟರಲ್ಲಿ ಬಡ್ಡಿ ಇನ್ನೊಂದು 7 ಕೋಟಿ ಡಾಲರ್ ಮೇಯಿತು. ಅಕ್ಟೋಬರ್ 23ರಂದು ನ್ಯಾಯಮೂರ್ತಿ ರಾಬಿನ್ ನೋಲ್ಸ್ ಅವಾರ್ಡ್ ಮೋಸದಿಂದ ಪಡೆದದ್ದು ಎಂದರು. ಅವರು ಕಂಡುಕೊಂಡದ್ದು ಮೂರು ಸಂಗತಿ: ಅಧಿಕಾರಿಗೆ ಲಂಚ, ಪಂಚರ ಮುಂದೆ ಸುಳ್ಳು ಸಾಕ್ಷ್ಯ, ಮತ್ತು ನೈಜೀರಿಯಾ ತನ್ನ ವಕೀಲರೊಂದಿಗೆ ಹಂಚಿಕೊಂಡ ಗುಟ್ಟಿನ ಕಾಗದಗಳು ಮಧ್ಯಸ್ಥಿಕೆ ನಡೆಯುವಾಗಲೇ ಕಂಪನಿಯ ಕೈಯಲ್ಲಿ. ಎದುರಾಳಿಯ ಇಸ್ಪೀಟೆಲೆ ನೋಡಿಕೊಂಡು ಆಡಿ, ಗೆದ್ದದ್ದಕ್ಕೆ ಬಡ್ಡಿ ಕೇಳಿದಂತಾಯಿತು. ಆ ಹೊತ್ತಿಗೆ ಮೊತ್ತ 1,100 ಕೋಟಿ ಡಾಲರ್. ಕಂಪನಿ ಗೆದ್ದಿದ್ದರೆ ಅದರ ಕಡೆಯ ಒಬ್ಬ ಸಾಲಿಸಿಟರಿಗೆ (ಕಕ್ಷಿದಾರರ ಕೆಲಸ ನೋಡಿಕೊಳ್ಳುವ ವಕೀಲ) 300 ಕೋಟಿ ಪೌಂಡ್‌ವರೆಗೆ, ಒಬ್ಬ ಬ್ಯಾರಿಸ್ಟರಿಗೆ 85 ಕೋಟಿ ಪೌಂಡ್‌ವರೆಗೆ ಸಿಗುವುದಿತ್ತು ಎಂಬುದೂ ತೀರ್ಪಿನಲ್ಲಿದೆ. ತೀರ್ಪಿನ ಪ್ರತಿ ವಕೀಲರ ನಿಯಂತ್ರಕ ಸಂಸ್ಥೆಗಳಿಗೂ ಹೋಗಲಿ ಎಂದರು ನ್ಯಾಯಮೂರ್ತಿ. ಬ್ಯಾರಿಸ್ಟರ್ ನಿಲುವಂಗಿಯ ಬೆನ್ನಿಗೆ ಒಂದು ಪುಟ್ಟ ಚೀಲ ನೇತಾಡುತ್ತದೆ. ಕಾಣಿಕೆ ಹಾಕಲೆಂದು ಇಟ್ಟದ್ದು ಎಂಬ ಪ್ರತೀತಿ. ಹೊಲಿದವನು ಅಳತೆ ತಪ್ಪಿದ್ದಾನೆ.

ಬೆಂಗಳೂರಿನವರು ಇದನ್ನು ಓದಿ ಹೆಚ್ಚು ನಗಬಾರದು. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ 2005ರಲ್ಲಿ ಇದೇ ಊರಿನ ದೇವಾಸ್ ಕಂಪನಿಗೆ ಆಗಿನ್ನೂ ಹಾರದಿದ್ದ ಉಪಗ್ರಹಗಳ ತರಂಗಾಂತರ ಬಾಡಿಗೆಗೆ ಕೊಡಲೊಪ್ಪಿ, 2011ರಲ್ಲಿ ಒಪ್ಪಂದ ರದ್ದು ಮಾಡಿತು. 2015ರಲ್ಲಿ ಅವಾರ್ಡ್ 56.25 ಕೋಟಿ ಡಾಲರ್, ಬಡ್ಡಿ ಶೇ. 18, ಊರ ಲೇವಾದೇವಿಯವನೂ ನಾಚುವ ದರ. ದೇವಾಸ್ ಹುಟ್ಟಿದ್ದೇ ಮೋಸಕ್ಕೆ ಎಂದು ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದನ್ನು ಮುಚ್ಚಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಅವಾರ್ಡನ್ನೇ ತಳ್ಳಿಹಾಕಿತು. ಇಷ್ಟಾದರೂ 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ದೇವಾಸ್ ಕಡೆಯವರ ವಸೂಲಿ ದಾವೆಗೆ ಮತ್ತೆ ಜೀವ ಕೊಟ್ಟಿತು. ನಮ್ಮ ಮನೆಯಲ್ಲಿ ನಾವೇ ಹಿಡಿದ ಕಳ್ಳನನ್ನು ಹೊರಗಿನವರು ಸುಲಭಕ್ಕೆ ಕಳ್ಳ ಎನ್ನುವುದಿಲ್ಲ. ನೈಜೀರಿಯಾಕ್ಕೆ ಲಂಡನ್ ಪೊಲೀಸಪ್ಪ ಸಿಕ್ಕಿದ್ದ.

ಇಷ್ಟು ದೊಡ್ಡ ಸರ್ಕಾರಿ ಹಣದ ವ್ಯಾಜ್ಯಗಳನ್ನು ಪತ್ರಕರ್ತರೂ ಜನರೂ ಇಲ್ಲದ ಮುಚ್ಚಿದ ಕೋಣೆಯಲ್ಲಿ ಹೀಗೇ ನಡೆಸಬೇಕೇ ಎಂದು ನೋಲ್ಸ್ ತೀರ್ಪಿನ ಕೊನೆಗೆ ಕೇಳಿದ್ದರು. 2025ರಲ್ಲಿ ಇಂಗ್ಲೆಂಡ್ ಕಾಯ್ದೆಗೆ ತಿದ್ದುಪಡಿ ತಂದಿತು. ಲಂಚಕ್ಕೆಂದು ಪ್ರತ್ಯೇಕ ಕಲಮು ಅದರಲ್ಲಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಸತ್ತವನು ಇಲ್ಲಿ ಇನ್ನೂ ವಾದಿಸುತ್ತಿದ್ದ. ನೈಜೀರಿಯಾದ ವಕೀಲರ ಖರ್ಚು 4.4 ಕೋಟಿ ಪೌಂಡ್ ಮೀರಿತ್ತು. ಕೊಡಬೇಕಾದ ಪಿ ಅಂಡ್ ಐಡಿ ಹೊಸ ತಕರಾರು ಎತ್ತಿತು: ನೈಜೀರಿಯಾ ತನ್ನ ನಾಣ್ಯ ನೈರಾ ಕೊಟ್ಟು ಪೌಂಡ್ ಕೊಂಡು ಫೀಸು ಕಟ್ಟಿದೆ, ಆದ್ದರಿಂದ ನಾವೂ ನೈರಾದಲ್ಲೇ ಕೊಡುತ್ತೇವೆ. ಅಷ್ಟರಲ್ಲಿ ನೈರಾ ಪಾತಾಳಕ್ಕೆ ಬಿದ್ದಿತ್ತು, ನೈರಾದಲ್ಲಿ ಕೊಟ್ಟರೆ ಅರ್ಧಕ್ಕೂ ಕಡಿಮೆಯಲ್ಲಿ ಮುಗಿಯುತ್ತಿತ್ತು. ಇಲ್ಲದ ಸ್ಥಾವರಕ್ಕೆ ಡಾಲರನ್ನೇ ಕೇಳಿದ್ದ ಕಂಪನಿಗೆ ಹೀಗೆ ಒಮ್ಮೆಲೇ ನೈಜೀರಿಯಾದ ನಾಣ್ಯದ ಮೇಲೆ ಅಭಿಮಾನ ಉಕ್ಕಿತು. ಈ ಅಭಿಮಾನ ಮೇಲ್ಮನವಿ ಕೋರ್ಟು ದಾಟಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಕೀಲರು ಬಿಲ್ಲು ಬರೆದದ್ದು ಪೌಂಡಿನಲ್ಲಿ, ಪೌಂಡಿನಲ್ಲೇ ಕೊಡಿ ಎಂದು 2025ರ ಅಕ್ಟೋಬರ್‌ನಲ್ಲಿ ತೀರ್ಪಾಯಿತು. ಯಾವ ನಾಣ್ಯದಲ್ಲಿ ಫೀಸು ಕೊಡಬೇಕೆಂದು ವಾದಿಸಿದ್ದಕ್ಕೂ ಎರಡೂ ಕಡೆಯ ಬ್ಯಾರಿಸ್ಟರುಗಳಿಗೆ ಫೀಸುಂಟು.