37 ಗಂಟೆಯ ಶನಿವಾರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಮೊಬೈಲನ್ನು ಕೇಳಿದರೆ ಥಟ್ಟನೆ ಹೇಳುತ್ತದೆ: ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000. ಎಲ್ಲಿಂದ ಹೊರಟರೂ 20,000 ದಾಟಿದ ಮೇಲೆ ಮನೆ ಮತ್ತೆ ಹತ್ತಿರವಾಗಲು ಶುರು. ಅಂಥದ್ದರಲ್ಲಿ ನಮ್ಮವರ ಮಕ್ಕಳು ಹುಡುಕಿ ಹುಡುಕಿ 14,000 ಆಚೆ ಹೋಗಿ ಕೂತಿದ್ದಾರೆ.

ದೂರವೇನೋ ಸರಿ, ದಿಕ್ಕು ಯಾವುದು? ಶಾಲೆಯ ಗೋಡೆಯ ನಕ್ಷೆ ನೋಡಿ ಬೆಳೆದ ನಾವು ಪಶ್ಚಿಮ ಅನ್ನುತ್ತೇವೆ. ಒಂದು ಮೋಸಂಬಿಯ ಮೇಲೆ ಎರಡು ಚುಕ್ಕಿ ಇಟ್ಟು ದಾರ ಬಿಗಿಯಾಗಿ ಎಳೆದು ನೋಡಿ. ದಾರ ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ, ನೆತ್ತಿಯ ಹತ್ತಿರ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಇಲ್ಲಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಜೊತೆಗಿದ್ದ ಪೈಲಟ್‌ಗಳೂ ಹೆಂಗಸರೇ. ಸುಮಾರು 17 ಗಂಟೆಯ ಹಾರಾಟ.

ಹಾಗಂತ ಹತ್ತಿರದ ದಾರಿಯೇ ಬೇಗ ತಲುಪಿಸುತ್ತದೆ ಅಂದುಕೊಳ್ಳಬೇಡಿ. ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆ ತಿರುಗಿಸಿದರು. ದಾರಿ 15,300ಕ್ಕೆ ಏರಿತು, ಹೊತ್ತು ಮಾತ್ರ ಹೆಚ್ಚುಕಡಿಮೆ ಎರಡು ಗಂಟೆ ಇಳಿಯಿತು! ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಎದುರಿಗೆ ಹೋದರೆ ತಳ್ಳುತ್ತದೆ, ಜೊತೆಗೆ ಹೋದರೆ ಎತ್ತಿಕೊಂಡು ಹೋಗುತ್ತದೆ. ಇದು ಗೊತ್ತಾದ ಮೇಲೆ ನನಗೆ ಕಿಲೋಮೀಟರ್ ಮೇಲಿನ ಗೌರವ ಸ್ವಲ್ಪ ಕಮ್ಮಿಯಾಗಿದೆ. (ದೇವನಹಳ್ಳಿಗೆ ಟ್ಯಾಕ್ಸಿಯಲ್ಲಿ ಹೋಗುವವರಿಗೆ ಅದು ಯಾವತ್ತೂ ಇರಲಿಲ್ಲ ಬಿಡಿ.)

ಗಂಟೆಯನ್ನಾದರೂ ನಂಬೋಣವೇ? ನಮ್ಮ ದೊಡ್ಡಮ್ಮ ಮಗಳ ಬಾಣಂತನಕ್ಕೆ ಚಳಿಗಾಲದಲ್ಲಿ ಹೊರಟರು. ದೊಡ್ಡಮ್ಮನಿಗೆ ಶನಿವಾರ ಒಪ್ಪೊತ್ತು. ಹೊರಟಿದ್ದೂ ಶನಿವಾರವೇ. ಊಟ ಮುಗಿಸಿ ಮಧ್ಯಾಹ್ನ ವಿಮಾನ ಹತ್ತಿದರು. ರಾತ್ರಿ ಕಳೆಯಿತು, ಬೆಳಗಾಯಿತು, ಮತ್ತೆ ಬಿಸಿಲು ಇಳಿಯಿತು. ಕೊಟ್ಟ ಊಟ ಮುಟ್ಟದೆ ಬ್ಯಾಗಿನಲ್ಲಿದ್ದ ಒಗ್ಗರಣೆ ಅವಲಕ್ಕಿಯಲ್ಲೇ ಕಾಲ ಹಾಕಿದರು. ಇಳಿದ ತಕ್ಷಣ, "ಇವತ್ತು ಭಾನುವಾರ ತಾನೆ? ಅನ್ನ ಮಾಡಿದ್ದೀಯಾ?" ಅಂತ ಮಗಳನ್ನು ಕೇಳಿದರು.

"ಇಲ್ಲಮ್ಮ, ಇನ್ನೂ ಶನಿವಾರ ಸಂಜೆ."

ಆ ಊರು ಆಗ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ದಿನರೇಖೆ ದಾಟಿದ್ದಕ್ಕೆ ತಾರೀಖು ಒಂದು ಹೆಜ್ಜೆ ಹಿಂದೆ ಸರಿದಿತ್ತು. ಇಲ್ಲಿ ನಡುರಾತ್ರಿ ಶುರುವಾದ ಶನಿವಾರ ಅಲ್ಲಿ ನಡುರಾತ್ರಿ ಮುಗಿಯುವಷ್ಟರಲ್ಲಿ ಅವರ ಪಾಲಿಗೆ ಮೂವತ್ತೇಳೂವರೆ ಗಂಟೆ ಆಗಿತ್ತು. ಮೊದಲೇ ಹಿಟ್ಟು ರುಬ್ಬಿ ಇಟ್ಟಿದ್ದ ಮಗಳು ಎರಡು ದೋಸೆ ಹುಯ್ದು ಕೊಟ್ಟಳಂತೆ.

ಬಾಣಂತನ ಮುಗಿಸಿ ವಾಪಸ್ ಹೊರಟಿದ್ದು ಶುಕ್ರವಾರ ರಾತ್ರಿ. ಬೆಂಗಳೂರಿನಲ್ಲಿ ಇಳಿದಾಗ ಭಾನುವಾರ ಬೆಳಗಿನ ಜಾವ. ನಡುವಿನ ಶನಿವಾರ ಮಂಗಮಾಯ! ವಿಮಾನದಲ್ಲಿ ಎರಡು ಸಲ ಊಟ ಕೊಟ್ಟರಂತೆ, ದೊಡ್ಡಮ್ಮ ಎರಡೂ ಸಲ ಸಲೀಸಾಗಿ ಊಟ ಮಾಡಿದ್ದಾರೆ.

"ಅದು ಶನಿವಾರ ಅಲ್ವಾ ದೊಡ್ಡಮ್ಮ?" ಅಂತ ಸುಮ್ನೆ ಕೆಣಕಿದೆ.

"ಹೋಗುವಾಗ ಜಾಸ್ತಿ ಮಾಡಿದ್ದೀನಲ್ಲೋ, ಅದರಲ್ಲಿ ವಜಾ."